ಮಧ್ಯದ್ದು ನೀನು ಹೇಳು

ಮೊನ್ನೆ ಭಾನುವಾರ ಅಡುಗೆಮನೆಯ ಡಬ್ಬಿಗಳಿಗೆ ಹೆಸರು ಬರೆಯೋಣವೆಂದು ಕೂತೆ. ಸಾರಿನಪುಡಿ ಯಾವುದು, ಹುಳಿಪುಡಿ ಯಾವುದು ಎಂದು ಮೂಸಿ ಮೂಸಿ ಪತ್ತೆಹಚ್ಚಿ ನನಗೂ ಸಾಕಾಗಿತ್ತು. ಡ್ರಾಯರಿನಲ್ಲಿ ದಪ್ಪ ಕಪ್ಪು ಮಾರ್ಕರ್ ಪೆನ್ನೊಂದು ಸಿಕ್ಕಿತು. ಮುಚ್ಚಳ ಎಳೆದದ್ದೇ ತಡ, ಸ್ಪಿರಿಟ್ಟಿನಂಥ ಚುರುಕು ವಾಸನೆ ಮೂಗಿಗೆ ಹೊಡೆಯಿತು. ಹೆಸರು ಬರೆಯುವುದು ಅಲ್ಲಿಗೇ ನಿಂತಿತು... ಪಕ್ಕದ ಮನೆಯ ಆಂಟಿ ನೆನಪಾಗಿಬಿಟ್ಟರು.

ನಾವು ಅಮೆರಿಕದ ವಾಷಿಂಗ್ಟನ್ ಹತ್ತಿರದ ಕ್ಲಾರ್ಕ್ಸ್‌ಬರ್ಗಿಗೆ ಬಂದದ್ದು 2005ರ ಏಪ್ರಿಲ್‌ನಲ್ಲಿ. ಆಗಿನ್ನೂ ಅರ್ಧ ಊರು ಕಟ್ಟುತ್ತಲೇ ಇತ್ತು. ನಮ್ಮದು ಸಾಲುಮನೆ, ಎರಡು ಮನೆಗೆ ಒಂದೇ ಗೋಡೆ. ಗೋಡೆ ಎಂದರೆ ಮೈಸೂರಿನ ಗೋಡೆ ಅಂದುಕೊಳ್ಳಬೇಡಿ. ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರುತ್ತಿತ್ತು. ನಮ್ಮವರು ಆಫೀಸಿಗೆ ಹೋದರೆ ಬರುವುದು ಸಂಜೆಗೇ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಕಾರು ಓಡಿಸಲು ಬರುವುದಿಲ್ಲ. ಮೈಸೂರಿನಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಆರು ವರ್ಷ ದಿನವಿಡೀ ಹತ್ತು ಜನರ ಜೊತೆ ಬಾಯಿ ಬಡಿದುಕೊಂಡಿದ್ದವಳು ಇಲ್ಲಿ ಕುಕ್ಕರಿನ ಜೊತೆ ಮಾತಾಡುವ ಸ್ಥಿತಿಗೆ ಬಂದಿದ್ದೆ.

ಬಂದ ಎರಡನೇ ವಾರವಿರಬೇಕು. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಗೋಡೆಯ ಆಚೆಯಿಂದ ಹೆಂಗಸೊಬ್ಬರ ಕೂಗು ಕೇಳಿಸಿತು.

"ಅಯ್ಯೋ ಮಾರಾಯಾ, ಅವನನ್ನು ಯಾಕೆ ತೆಗೆದದ್ದು? ನಿನ್ನ ಮಂಡೆ ಸಮ ಉಂಟಾ?"

ಕನ್ನಡ! ಅದೂ ಕರಾವಳಿಯ ಕನ್ನಡ! ಯಾರನ್ನೋ ಕೆಲಸದಿಂದ ತೆಗೆದಿದ್ದಾರೆ, ಮನೆಯಲ್ಲಿ ರಂಪ ನಡೆಯುತ್ತಿದೆ ಎಂದುಕೊಂಡೆ. ಜಗಳವಾದರೂ ಸರಿ, ಕನ್ನಡದ ಜಗಳವಲ್ಲವೇ? ಒದ್ದೆ ಕೈಯಲ್ಲೇ ಓಡಿಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದವರು ಬೆಳ್ಳಗಿನ ಗಿಡ್ಡ ಕೂದಲಿನ, ಕುಳ್ಳಗಿನ ಹೆಂಗಸು. ಕಂಕುಳಲ್ಲಿ ಒಂದು ರೇಡಿಯೋ. ಒಳಗೆ ಬೇರೆ ನರಪಿಳ್ಳೆ ಇರಲಿಲ್ಲ. ನಾನು ತಡವರಿಸುತ್ತಾ "ಏನಾಯ್ತು ಆಂಟಿ?" ಎಂದೆ. ಅವರು ನನ್ನ ಮುಖ ನೋಡುವ ಬದಲು ಕಿವಿಯ ಪಕ್ಕದಲ್ಲೆಲ್ಲೋ ನೋಡಿದರು.

"ಕನ್ನಡದವಳಾ? ಒಳ್ಳೆದಾಯ್ತು. ಬಾ, ಬೇಗ ಬಾ. ಇನ್ನೂ ಒಂದೇ ಔಟ್ ಆದದ್ದು."

ಹೀಗೆ ನಾನು ಬೇಸ್‌ಬಾಲ್ ಎಂಬ ಆಟದೊಳಗೆ ಕಾಲಿಟ್ಟೆ. ಮುಂದೆ ಬೇಯಿಸಿದ ನೆಲಕಡಲೆಯ ಬಟ್ಟಲು ಇಟ್ಟರು. ಕೆಲಸ ಕಳೆದುಕೊಂಡವನು ಪಿಚರ್, ಅಂದರೆ ಚೆಂಡು ಎಸೆಯುವವನು. ತೆಗೆದವನು ಟೀಮಿನ ಮ್ಯಾನೇಜರ್. ಮ್ಯಾನೇಜರ್ ಎಂದರೆ ನಮ್ಮ ಕಡೆ ಬ್ಯಾಂಕಿನಲ್ಲಿ ಕನ್ನಡಕ ಏರಿಸಿಕೊಂಡು ಕೂರುವವನು. ಇಲ್ಲಿ ಅರುವತ್ತು ದಾಟಿದ ಮುದುಕ ಹುಡುಗರದ್ದೇ ಯೂನಿಫಾರ್ಮ್ ತೊಟ್ಟು, ಹೊಟ್ಟೆ ಮುಂದೆ ಬಿಟ್ಟುಕೊಂಡು, ಮೈದಾನದ ನಡುವೆ ಹೋಗಿ ಚೆಂಡು ಕಿತ್ತುಕೊಳ್ಳುತ್ತಾನಂತೆ. ನಾನು ನಕ್ಕುಬಿಟ್ಟೆ. ಆಂಟಿ ನಗಲಿಲ್ಲ. ಅವರಿಗೆ ಅದು ನಗುವ ವಿಷಯವೇ ಆಗಿರಲಿಲ್ಲ.

ಉಡುಪಿ ಕಡೆಯ ಕ್ರಿಶ್ಚಿಯನ್ ಮನೆತನ ಅವರದು. ಪ್ರಾರ್ಥನೆಗೆ ಕೊಂಕಣಿ, ಬ್ಯಾಂಕು ಬಿಲ್ಲಿಗೆ ಇಂಗ್ಲಿಷ್, ಬೈಯಲಿಕ್ಕೆ ಮಾತ್ರ ಕನ್ನಡ. ಇಂಗ್ಲಿಷಿನಲ್ಲಿ ಬೈದರೆ ಬಾಯಿಗೆ ರುಚಿಯೇ ಇಲ್ಲ ಎನ್ನುತ್ತಿದ್ದರು. ನರ್ಸ್ ಆಗಿ ವಾಷಿಂಗ್ಟನ್‌ಗೆ ಬಂದದ್ದು 1972ರಲ್ಲಿ. ಆಪರೇಷನ್ ಮುಗಿದು ಪ್ರಜ್ಞೆ ಬಂದ ಗಂಡಸರು ಮೊದಲು ಕೇಳುತ್ತಿದ್ದದ್ದು ಹೆಂಡತಿಯನ್ನಲ್ಲವಂತೆ, ಸ್ಕೋರನ್ನಂತೆ. ಸ್ಕೋರು ಗೊತ್ತಿಲ್ಲದ ನರ್ಸಿಗೆ ವಾರ್ಡಿನಲ್ಲಿ ಮರ್ಯಾದೆ ಇಲ್ಲ. ಹಾಗಾಗಿ ಆಟ ಕಲಿತರು. ಆದರೆ ಅವರ ಅದೃಷ್ಟ ನೋಡಿ, ಅವರು ಬರುವ ಹಿಂದಿನ ವರ್ಷವಷ್ಟೇ ವಾಷಿಂಗ್ಟನ್ನಿನ ಟೀಮು ಗಂಟುಮೂಟೆ ಕಟ್ಟಿ ಬೇರೆ ಊರಿಗೆ ಹೋಗಿತ್ತು. ಪಕ್ಕದೂರಿನ ಟೀಮಿನ ಸ್ಕೋರು ಹೇಳಿ ಹೇಳಿಯೇ ರಿಟೈರ್ ಆದರು. ಗಂಡ ಹೋದರು, ಮಗಳು ಮದುವೆಯಾಗಿ ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ಗೆ ಹೋದಳು. ಆಮೇಲೆ, ಮೂವತ್ತಮೂರು ವರ್ಷ ಕಾದ ಮೇಲೆ, ಆ 2005ರಲ್ಲಿ ಊರಿಗೆ ಟೀಮು ವಾಪಸ್ ಬಂತು.

ಟೀಮು ಬಂದದ್ದೇನೋ ಬಂತು, ನಮ್ಮ ಕೇಬಲ್‌ನಲ್ಲಿ ಬರಲಿಲ್ಲ. ಪ್ರಸಾರದ ಹಕ್ಕು ಯಾರದು, ಯಾವ ಚಾನೆಲ್ ಯಾರ ಕೇಬಲ್‌ನಲ್ಲಿ ಬರಬೇಕು ಎಂದು ದೊಡ್ಡವರ ನಡುವೆ ಹಗ್ಗಜಗ್ಗಾಟ. "ದೊಡ್ಡವರ ಜಗಳ ಮುಗಿಯುವಾಗ ನಮಗೆ ಹಲ್ಲು ಇರುವುದಿಲ್ಲ" ಎಂದು ಆಂಟಿ ಗೊಣಗುತ್ತಿದ್ದರು. ರೇಡಿಯೋ ಇತ್ತು, ನಿಜ. ಆದರೆ ನಮ್ಮ ಊರು ಮೂಲೆಯಲ್ಲಿ. ಸಂಜೆ ಸೂರ್ಯ ಇಳಿದಂತೆ ಆ ಸ್ಟೇಷನ್ನಿನ ದನಿಯೂ ಇಳಿಯುತ್ತಿತ್ತು. ಚೆಂಡು ಮೇಲೆ ಹೋಯಿತು ಎಂದು ಕೇಳಿಸಿದರೆ ಕೆಳಗೆ ಬಂದದ್ದು ಕೇಳಿಸುತ್ತಿರಲಿಲ್ಲ.

ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋಗುತ್ತೇವೆ ಎಂದು ನಮ್ಮವರು ಉತ್ಸಾಹದಿಂದ ಹೇಳಿದರು. ಆಗಲೇ ಆಂಟಿ ವಿಷಯ ಹೇಳಿದ್ದು. ಅವರ ಕಣ್ಣಿನ ನಟ್ಟನಡುವೆ ಒಂದು ಕಪ್ಪು ಕಲೆ ಬಂದಿತ್ತು. ಅಂಚಿನಲ್ಲಿ ಕಾಣುತ್ತಿತ್ತು, ನೇರ ನೋಡಿದರೆ ಇಲ್ಲ. ಅದು ದೊಡ್ಡದಾಗುತ್ತಾ ಹೋಗುತ್ತದೆ, ತಡೆಯುವ ಮದ್ದು ಸಿಕ್ಕಿಲ್ಲ ಎಂದು ಹವಾಮಾನ ಹೇಳುವಷ್ಟು ಸಲೀಸಾಗಿ ಹೇಳಿದರು.

"ಸ್ಟೇಡಿಯಮ್ಮಲ್ಲಿ ನನಗೆ ಹಸಿರು ಕಾಣ್ತದೆ, ಅಷ್ಟೇ. ಟೀವಿ ಆದರೆ ಹತ್ತಿರ ಕೂತು ಓರೆಯಾಗಿ ನೋಡ್ಬಹುದು. ಕಣ್ಣು ಪೂರ್ತಿ ಹೋಗುವ ಮುಂಚೆ ನಮ್ಮೂರಿನ ಟೀಮನ್ನು ಒಂದು ಸೀಸನ್ ನೋಡಿದರೆ ಸಾಕು ನನಗೆ. ಆಮೇಲೆ ಬೇಕಾದ ಹಾಗೆ ಹೋಗಲಿ."

ನಾನು ಒಳಗೆ ಹೋಗಿ ಮೂಗು ಒರೆಸಿಕೊಂಡು ಬಂದೆ.

ಅಲ್ಲಿಂದ ಶುರುವಾಯಿತು ಮಾರ್ಕರ್ ಪೆನ್ನಿನ ಕೆಲಸ. ದೊಡ್ಡ ಬಿಳಿ ಚಾರ್ಟ್ ಪೇಪರಿನ ಮೇಲೆ ಆ ದಿನ ಆಡುವವರ ಹೆಸರನ್ನು ಅಂಗೈ ಉದ್ದದ ಅಕ್ಷರಗಳಲ್ಲಿ ಬರೆದು ಅವರ ಗೋಡೆಗೆ ಅಂಟಿಸುತ್ತಿದ್ದೆ. ಆಂಟಿ ಕತ್ತು ಓರೆ ಮಾಡಿ, ಹಕ್ಕಿ ನೋಡುವಂತೆ, ಒಂದೊಂದೇ ಹೆಸರು ಓದುತ್ತಿದ್ದರು. ಜೊತೆಗೆ ಅಭಿಪ್ರಾಯ ಪುಕ್ಕಟೆ. ಆ ವರ್ಷ ಟೀಮಿಗೆ ಸ್ವಂತ ಯಜಮಾನನಿರಲಿಲ್ಲ; ಉಳಿದೆಲ್ಲಾ ಟೀಮಿನ ಯಜಮಾನರೂ ಸೇರಿ ನಡೆಸುತ್ತಿದ್ದರು. "ಇಪ್ಪತ್ತೊಂಬತ್ತು ಮನೆಯವರು ಸೇರಿ ಸಾಕುವ ದನ" ಎಂದು ಆಂಟಿ ಹೇಳುತ್ತಿದ್ದರು, "ಹಾಲು ಕರೆಯಲಿಕ್ಕೆ ಎಲ್ಲರೂ ಬರ್ತಾರೆ, ಹುಲ್ಲು ಹಾಕಲಿಕ್ಕೆ ಯಾರೂ ಇಲ್ಲ." ಆದರೂ ಆ ದನ ಜುಲೈವರೆಗೆ ಎಲ್ಲರಿಗಿಂತ ಮುಂದಿತ್ತು. ಆಮೇಲೆ ಇಳಿಜಾರು. ಇಳಿಜಾರು ಶುರುವಾದಂತೆ ಆಂಟಿಯ ಮಂಡೆ ಬೆಚ್ಚ ಆಯಿತು.

"ಪೆನ್ನು ತಾ. ಇವರಿಗೆಲ್ಲ ಒಂದು ಕಾಗದ ಬರೆಯುವ."

ಒಂದಲ್ಲ, ಆ ಬೇಸಿಗೆಯಲ್ಲಿ ಹನ್ನೊಂದು ಕಾಗದ ಬರೆದೆವು. ಆಂಟಿ ಕನ್ನಡದಲ್ಲಿ ಹೇಳುವುದು, ನಾನು ಮನೆಗೆ ಒಯ್ದು ಇಂಗ್ಲಿಷಿನಲ್ಲಿ ಟೈಪ್ ಮಾಡುವುದು. ಕೇಬಲ್‌ನವರಿಗೆ ಅವರು ಹೇಳಿದ್ದು: "ನಿಮಗೆ ನಾಚಿಕೆ ಉಂಟಾ? ಊಟಕ್ಕೆ ಕರೆದು, ಎಲೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿದ ಹಾಗೆ ಆಯ್ತು ಇದು." ಮ್ಯಾನೇಜರಿಗೆ: "ಚೆಂಡಿನ ಲೆಕ್ಕ ಬರೆದ ಕಾಗದ ನೋಡಿ ಪಿಚರ್‌ನನ್ನು ತೆಗೀಬೇಡ. ರೋಗಿಯನ್ನು ನೋಡು, ಚಾರ್ಟನ್ನಲ್ಲ." ರೇಡಿಯೋದವರಿಗೆ: "ನೀವು ನಿನ್ನೆ ಎಂತ ತಿಂದದ್ದು ಅಂತ ನಿಮ್ಮ ಹೆಂಡತಿಗೆ ಹೇಳಿ. ನನಗೆ ಮೊದಲು ಸ್ಕೋರು ಹೇಳಿ, ಆಮೇಲೆ ಚೆಂಡು ಎಲ್ಲಿ ಉಂಟು ಹೇಳಿ. ಕಾಣದವರೂ ಕೇಳ್ತಾರೆ ನಿಮ್ಮನ್ನು."

ಈಗ ನನ್ನ ಘನಕಾರ್ಯ ಕೇಳಿ. ಕಾಲೇಜಿನ ಆಫೀಸಿನಲ್ಲಿ ಮೇಲಿನವರಿಗೆ ಪತ್ರ ಬರೆದೂ ಬರೆದೂ ನನ್ನ ಬೆನ್ನೇ ಬಗ್ಗಿಹೋಗಿತ್ತು. 'ತಮ್ಮಲ್ಲಿ ಸವಿನಯವಾಗಿ ವಿನಂತಿಸಿಕೊಳ್ಳುವುದೇನೆಂದರೆ' ಎಂಬುದಿಲ್ಲದೆ ನನ್ನ ಕೈ ಮುಂದಕ್ಕೆ ಓಡುತ್ತಿರಲಿಲ್ಲ. ಪರದೇಶ ಬೇರೆ, ವೀಸಾ ಬೇರೆ. ನಾಳೆ ಯಾರಾದರೂ ಬಂದು ಇದನ್ನು ಬರೆದವರು ಯಾರು ಎಂದು ಕೇಳಿದರೆ? ಹಾಗಾಗಿ ಕೇಬಲ್‌ನವರಿಗೆ 'ತಮ್ಮ ಅಮೂಲ್ಯ ಸೇವೆಗೆ ವಂದಿಸುತ್ತಾ, ತಮಗೆ ಅನುಕೂಲವಾದಾಗ ಈ ವಿಷಯವನ್ನು ಪರಿಶೀಲಿಸಬೇಕಾಗಿ ಪ್ರಾರ್ಥನೆ' ಎಂದು ಬರೆದೆ. ಮ್ಯಾನೇಜರಿಗೆ 'ತಮ್ಮ ದೀರ್ಘ ಅನುಭವವನ್ನು ಗೌರವಿಸುತ್ತಾ' ಎಂದೆ. ರೇಡಿಯೋದವರಿಗೆ 'ತಮ್ಮ ಸ್ವಾರಸ್ಯಕರ ಮಾತುಗಳನ್ನು ಕೇಳಿ ಆನಂದಿಸುತ್ತೇನೆ' ಎಂದೆ. ಓದಿ ಹೇಳು ಎಂದಾಗ ಕಾಗದ ಎದುರು ಹಿಡಿದುಕೊಂಡು, ಅವರು ಹೇಳಿದ್ದನ್ನೇ ನೆನಪಿನಿಂದ ಒಪ್ಪಿಸುತ್ತಿದ್ದೆ. ಆಂಟಿ ತಲೆದೂಗಿ, ತಡವಿ ತಡವಿ ಸಹಿ ಹಾಕುತ್ತಿದ್ದರು. ಆ ಸಹಿ ನೋಡುವಾಗ ಎದೆಯಲ್ಲಿ ಚುಚ್ಚುತ್ತಿತ್ತು. ಆದರೂ ಅವರ ಒಳ್ಳೆಯದಕ್ಕೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಸೆಪ್ಟೆಂಬರಿನಲ್ಲಿ ಕೇಬಲ್‌ನವರಿಂದ ಒಂದು ಉತ್ತರ ಬಂತು. ನನ್ನ ಕೈಗೆ ಸಿಕ್ಕಿದ್ದರೆ ಏನಾದರೂ ಮಾಡುತ್ತಿದ್ದೆನೋ ಏನೋ. ಬೀದಿಯ ಕೊನೆಯಲ್ಲಿ ಎಲ್ಲ ಮನೆಗಳ ಟಪಾಲು ಪೆಟ್ಟಿಗೆಗಳೂ ಒಂದೇ ಕಡೆ ಇದ್ದವು. ಅಲ್ಲಿ ಆಂಟಿ ಲಕೋಟೆ ಹಿಡಿದು ನಿಂತಿದ್ದಾಗ ಆಫೀಸಿನಿಂದ ಬರುತ್ತಿದ್ದ ನಮ್ಮವರು ಸಿಕ್ಕಿದರು. "ಸ್ವಲ್ಪ ಓದಿ ಹೇಳು" ಎಂದರಂತೆ. ಪಾಪ, ಇವರಿಗೇನು ಗೊತ್ತು? ಗಟ್ಟಿಯಾಗಿ ಓದಿದ್ದಾರೆ. ತಮ್ಮ ಮೆಚ್ಚುಗೆಯ ಮಾತುಗಳಿಗೆ ಧನ್ಯವಾದ, ನಮ್ಮ ಸೇವೆ ತಮಗೆ ಇಷ್ಟೊಂದು ತೃಪ್ತಿ ಕೊಟ್ಟಿರುವುದು ಸಂತೋಷ, ಹೀಗೇ ನಮ್ಮ ಜೊತೆಗಿರಿ. ಒಳಗೊಂದು ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ.

ಆಂಟಿ ಕಾಗದ ವಾಪಸ್ ಇಸಿದುಕೊಂಡು ಮನೆಯೊಳಗೆ ಹೋದರಂತೆ. ಆಮೇಲೆ ಮೂರು ದಿನ ಗೋಡೆಯ ಆಚೆಯಿಂದ ಒಂದು ಬೈಗುಳವಿಲ್ಲ, ರೇಡಿಯೋ ಕೂಡ ಇಲ್ಲ. ಬೈದಿದ್ದರೆ ವಾಸಿಯಿತ್ತು. ನಾಲ್ಕನೇ ದಿನ ಬಿಸಿಬೇಳೆಬಾತ್ ಮಾಡಿಕೊಂಡು, ಅಳುತ್ತಲೇ ಹೋಗಿ ಎಲ್ಲ ಒಪ್ಪಿಕೊಂಡೆ. ಹನ್ನೊಂದೂ ಕಾಗದದ ನಿಜವಾದ ಒಕ್ಕಣೆ ಹೇಳಿದೆ. ಆಂಟಿ ಎಂದಿನಂತೆ ನನ್ನ ಕಿವಿಯ ಪಕ್ಕ ನೋಡುತ್ತಾ ಕೇಳಿಸಿಕೊಂಡರು.

"ವಾರ್ಡಲ್ಲಿ ಹೊಸ ನರ್ಸುಗಳಿಗೆ ನಾನು ಮೊದಲು ಕಲಿಸಿದ್ದು ಇದನ್ನೇ" ಎಂದರು. "ರೋಗಿ ಹೇಳಿದ್ದನ್ನು ಹೇಳಿದ ಹಾಗೇ ಬರೀಬೇಕು. ಅವನು ಜೀವ ಹೋಗ್ತದೆ ಅಂದರೆ ನೀನು ಸ್ವಲ್ಪ ನೋವು ಅಂತ ಬರೆದರೆ, ಡಾಕ್ಟರ್ ಸ್ವಲ್ಪವೇ ಮದ್ದು ಕೊಡುವುದು. ನೀನು ನನ್ನ ನೋವನ್ನು ಕಡಿಮೆ ಬರೆದೆ ಮಾರಾಯ್ತಿ."

ಇಷ್ಟೇ. ಇವತ್ತಿಗೂ ಆ ಮಾತು ನೆನೆದರೆ ಮುಖ ಬಿಸಿಯಾಗುತ್ತದೆ. ಅವರ ಹತ್ತಿರ ಉಳಿದಿದ್ದದ್ದು ಸ್ವಲ್ಪ ಕಣ್ಣು, ಬೇಕಾದಷ್ಟು ಬಾಯಿ. ಬಾಯಿಯನ್ನು ನಾನು ಕಸಿದುಕೊಂಡಿದ್ದೆ.

ಹನ್ನೆರಡನೆಯ ಕಾಗದವನ್ನು ಟೈಪ್ ಮಾಡಲಿಲ್ಲ. ಚಾರ್ಟ್ ಪೇಪರ್ ನೆಲದ ಮೇಲೆ ಹಾಸಿ, ಮಾರ್ಕರ್ ಪೆನ್ನಿನಲ್ಲಿ, ಅಂಗೈ ಉದ್ದದ ಅಕ್ಷರದಲ್ಲಿ ಬರೆದೆ. ಆಂಟಿಯೇ ಓದಿ ನೋಡಬಹುದಲ್ಲ, ಅದಕ್ಕೆ. ಇಬ್ಬರೂ ಮೊಣಕಾಲೂರಿ ಕೂತಿದ್ದೆವು. ಮನೆ ತುಂಬ ಆ ಸ್ಪಿರಿಟ್ಟಿನ ವಾಸನೆ. ಅವರು ಹೇಳಿದ ಹಾಗೇ ಇಂಗ್ಲಿಷಿಗೆ ತಿರುಗಿಸಿದೆ, ಒಂದು 'ದಯವಿಟ್ಟು' ಕೂಡ ಸೇರಿಸಲಿಲ್ಲ. 'ನಾನು ಮೂವತ್ತಮೂರು ವರ್ಷ ಕಾದೆ. ಈಗ ನನ್ನ ಕಣ್ಣು ಹೋಗುತ್ತಿದೆ. ನಿಮ್ಮ ಜಗಳ ಮುಗಿಯುವವರೆಗೆ ಅದು ಕಾಯುವುದಿಲ್ಲ. ಬೇಗ ಮುಗಿಸಿ.' ಐದು ಹಾಳೆಯಾಯಿತು. ಆಂಟಿ ಕತ್ತು ಓರೆ ಮಾಡಿ ಒಂದೊಂದು ಪದವನ್ನೂ ಓದಿ, ಕೊನೆಯಲ್ಲಿ ತಾವೇ ಮಾರ್ಕರ್ ಹಿಡಿದು ಸಹಿ ಮಾಡಿದರು. ಮಡಚಿ ಮಡಚಿ ದಿಂಬಿನಂತಾದ ಆ ಕಾಗದವನ್ನು ಕೇಬಲ್‌ನವರ ವಿಳಾಸಕ್ಕೆ ಕಳಿಸಿದೆವು.

ಉತ್ತರ ಬರಲಿಲ್ಲ. ಆ ಸೀಸನ್ ಗೆಲುವು ಸೋಲು ಸಮಸಮವಾಗಿ ಮುಗಿಯಿತು. ಚಳಿಗಾಲ ಕಳೆಯಿತು. ಕಲೆ ದೊಡ್ಡದಾಯಿತು, ನನ್ನ ಅಕ್ಷರ ಅಂಗೈಯಿಂದ ಗೇಣಿಗೆ ಬೆಳೆಯಿತು. ಮುಂದಿನ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ, ಒಂದು ದಿನ, ಆ ಚಾನೆಲ್ ನಮ್ಮ ಕೇಬಲ್‌ನಲ್ಲಿ ಬಂದೇಬಿಟ್ಟಿತು. ದೊಡ್ಡವರು ಯಾವುದೋ ಕಾರಣಕ್ಕೆ ರಾಜಿಯಾಗಿದ್ದರು. ನಮ್ಮ ಕಾಗದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಮ್ಮವರು ಹೇಳಿದರು. ಆಂಟಿ ಕೇಳಬೇಕಲ್ಲ!

"ಅಷ್ಟು ದೊಡ್ಡದು ಬರೆದರೆ ಓದದೆ ಎಂತ ಮಾಡ್ತಾರೆ?"

ಅವತ್ತು ಆಂಟಿ ಟೀವಿಯಿಂದ ಒಂದು ಗೇಣು ದೂರದಲ್ಲಿ, ಸ್ಟೂಲಿನ ಮೇಲೆ, ಗೋಡೆಯ ಕಡೆ ಮುಖ ಮಾಡಿ ಕೂತರು. ಕಣ್ಣಂಚಿನಲ್ಲಿ ಪರದೆ. ಕತ್ತು ಆಚೀಚೆ ಹೊರಳಿಸಿ ನೋಡಿ ಮೆತ್ತಗೆ ಹೇಳಿದರು, "ಅಂಚಿನಲ್ಲಿ ಇರುವವರೆಲ್ಲ ಕಾಣ್ತಾರೆ. ಹುಲ್ಲು ಕಾಣ್ತದೆ. ಕೆಂಪು ಟೊಪ್ಪಿ ಉಂಟು, ಅಲ್ವಾ? ಮಧ್ಯ ಇಲ್ಲ." ಆಮೇಲೆ ಟೀವಿಯ ದನಿ ಪೂರ್ತಿ ಸಣ್ಣ ಮಾಡಿದರು. "ಇವರ ಪಟ್ಟಾಂಗ ಬೇಡ. ಮಧ್ಯದ್ದು ನೀನು ಹೇಳು, ಅಂಚಿನದ್ದು ನಾನು ನೋಡಿಕೊಳ್ತೇನೆ."

ಹೀಗೆ ನಾನು ಕಾಮೆಂಟರಿ ಹೇಳುವವಳಾದೆ. ನೀವು ನಂಬಲಿಕ್ಕಿಲ್ಲ, ಅಮೆರಿಕದ ಬೇಸ್‌ಬಾಲನ್ನು ಕನ್ನಡದಲ್ಲಿ! ಮೊದಲ ದಿನ ನನ್ನ ಪಾಡು ನಾಯಿಪಾಡು. "ಎಸೆದ... ಹೊಡೆದ... ಅಯ್ಯೋ!" ಎಂದರೆ, "ಅಯ್ಯೋ ಅಂದರೆ ಯಾರಿಗೆ ಅಯ್ಯೋ? ಚೆಂಡು ಎಲ್ಲಿ?" ಎಂದು ಗದರಿಕೆ. ಆಟಗಾರನೊಬ್ಬ ನೋಡಲು ಚೆನ್ನಾಗಿದ್ದಾನೆ ಎಂದರೆ, "ಅವನ ಚಂದ ಕಟ್ಟಿಕೊಂಡು ನನಗೆ ಎಂತ ಆಗ್ಬೇಕು? ಸ್ಕೋರು ಹೇಳು." ದೇಶದ ಕಾಮೆಂಟರಿಯವರ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೆ. ಆದರೆ ಆ ಸೀಸನ್ ಮುಗಿಯುವಷ್ಟರಲ್ಲಿ ಹದ ಸಿಕ್ಕಿತು. ಮೊದಲು ಸ್ಕೋರು, ಆಮೇಲೆ ಗಾಳಿ ಯಾವ ಕಡೆ, ಪಿಚರ್‌ನ ಮುಖದಲ್ಲಿ ಬೆವರಿದೆಯೋ ಇಲ್ಲವೋ, ಆಮೇಲೆ ಚೆಂಡು. ಮುಂದಿನ 2007ರ ಸೀಸನ್ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಡಿಯಾಗಿ ಹೀಗೇ ನೋಡಿದೆವು. ಟೀಮು ಸೋತದ್ದೇ ಹೆಚ್ಚು. ಕೊನೆಯ ಆಟ ಮುಗಿದಾಗ ಆಂಟಿ ಸ್ಟೂಲಿನಿಂದ ಎದ್ದು, ಸೊಂಟ ನೀವಿಕೊಂಡು, "ಆಯ್ತು. ಒಂದು ಸೀಸನ್ ನೋಡಿಯಾಯ್ತು" ಎಂದರು. ಅಷ್ಟು ಖುಷಿಯಾಗಿದ್ದ ಮುಖವನ್ನು ನಾನು ಬೇರೆ ನೋಡಿಲ್ಲ.

2008ರ ವಸಂತದಲ್ಲಿ ಮಗಳು ಬಂದು ಅವರನ್ನು ಫೋರ್ಟ್ ಮಿಲ್‌ಗೆ ಕರೆದುಕೊಂಡು ಹೋದಳು. ಆ ಹೊತ್ತಿಗೆ ಅಂಚೂ ಹೋಗಿತ್ತು. ಮಗಳ ಮನೆಯ ಟೀವಿಯಲ್ಲಿ ಬರುತ್ತಿದ್ದದ್ದು ಅಟ್ಲಾಂಟಾದ ಟೀಮು. ನಮ್ಮದು ಅಲ್ಲಿ ಬರುತ್ತಿರಲಿಲ್ಲ. ಬರದಿದ್ದರೇನು, ನಾನಿದ್ದೆನಲ್ಲ! ಪ್ರತಿ ಭಾನುವಾರ ಮಧ್ಯಾಹ್ನ ಫೋನ್ ಮಾಡಿ, ಟೀವಿಯ ದನಿ ಸಣ್ಣ ಮಾಡಿ, ಆಟ ಪೂರ್ತಿ ಹೇಳುತ್ತಿದ್ದೆ. ಆ ಕಡೆಯಿಂದ ನೆಲಕಡಲೆ ಸುಲಿಯುವ ಸದ್ದು. ನಡುನಡುವೆ, "ತೆಗೆದನಾ? ಮಂಡೆ ಸಮ ಇಲ್ಲ ಅವನಿಗೆ." ಒಮ್ಮೆ, ಯಾವುದೋ ಇನ್ನಿಂಗ್ಸ್ ಮುಗಿದಾಗ, ಹೇಳಿದರು, "ಈಗ ಸರಿಯಾಗಿ ಹೇಳ್ತೀ ನೀನು. ನೋಡಿದ ಹಾಗೇ ಆಗ್ತದೆ." ಹನ್ನೊಂದು ಕಾಗದಗಳ ತಪ್ಪು ಅವತ್ತು ತೀರಿತು ಎಂದುಕೊಂಡೆ.

ಆ ಸೆಪ್ಟೆಂಬರಿನ ಒಂದು ಭಾನುವಾರ ಫೋನ್ ಎತ್ತಿದವಳು ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಕನ್ನಡ ಅಷ್ಟಕ್ಕಷ್ಟೇ. "ಮಮ್ಮಿ ಬೆಳಿಗ್ಗೆ ಹೋದರು. ಸ್ಲೀಪ್‌ನಲ್ಲೇ. ಐ ವಾಸ್ ಗೋಯಿಂಗ್ ಟು ಕಾಲ್ ಯು..." ಎಂದಳು. ಏನು ಮಾತಾಡಿದೆನೋ ನೆನಪಿಲ್ಲ. ಫೋನಿಟ್ಟ ಮೇಲೆ, ಸದ್ದಿಲ್ಲದೆ ಓಡುತ್ತಿದ್ದ ಟೀವಿಯ ಮುಂದೆ ಕೂತು, ಅಳುತ್ತಲೇ, ಆಟ ಮುಗಿಯುವವರೆಗೂ ನೋಡಿದೆ.

ಎಷ್ಟೋ ವರ್ಷವಾಯಿತು. ನನಗೆ ಕೆಲಸ ಮಾಡುವ ಪರವಾನಗಿ ಸಿಕ್ಕಿತು, ಕಾರು ಓಡಿಸಲು ಬಂತು. ಆಫೀಸಿನಲ್ಲಿ ನಾನು ಬರೆಯುವ ಪತ್ರಗಳಲ್ಲಿ ಪ್ರಾರ್ಥನೆ ಇರುವುದಿಲ್ಲ. ಎಷ್ಟು ನೋವೋ ಅಷ್ಟೇ ಬರೆಯುತ್ತೇನೆ, ಕಡಿಮೆ ಮಾಡುವುದಿಲ್ಲ. ಗೋಡೆಯ ಆಚೆ ಈಗ ಬೇರೆಯವರಿದ್ದಾರೆ, ಒಳ್ಳೆಯ ಜನ, ಸದ್ದೇ ಇಲ್ಲ. ಆ ಸದ್ದಿಲ್ಲದ ಗೋಡೆ ಕೆಲವು ದಿನ ನನಗೆ ತಡೆಯಲಾಗುವುದಿಲ್ಲ.

ಮೊನ್ನೆ, ಮಾರ್ಕರ್ ಹಿಡಿದು ಕೂತಿದ್ದಾಗ, ಹಾಲ್‌ನಲ್ಲಿ ನಮ್ಮವರು ಆಟ ಹಾಕಿಕೊಂಡಿದ್ದರು. ಬಾಗಿಲಿನಿಂದ ಪರದೆ ಕಾಣುತ್ತಿತ್ತು. ಮ್ಯಾನೇಜರ್ ಮೈದಾನಕ್ಕೆ ನಡೆದು ಬರುತ್ತಿದ್ದ.

"ಬೇಡ, ತೆಗೀಬೇಡ. ಮುಖ ನೋಡು, ಒಂದು ಹನಿ ಬೆವರಿಲ್ಲ ಅವನಿಗೆ" ಎಂದೆ ಗಟ್ಟಿಯಾಗಿ.

"ನಾನೂ ನೋಡ್ತಾನೇ ಇದ್ದೀನಲ್ಲ, ನಂಗ್ಯಾಕೆ ಹೇಳ್ತೀಯ?" ಎಂದು ನಮ್ಮವರು ತಿರುಗಿದರು. ನನ್ನ ಕೈಯ ಪೆನ್ನು ನೋಡಿದರು, ವಾಸನೆ ಅವರಿಗೂ ಬಂದಿರಬೇಕು. ರಿಮೋಟ್ ಎತ್ತಿಕೊಂಡು ಟೀವಿಯ ದನಿಯನ್ನು ಪೂರ್ತಿ ಸಣ್ಣ ಮಾಡಿದರು.

"ಹ್ಞೂಂ, ಹೇಳು" ಎಂದರು.

ನಾನು ಮೊದಲು ಸ್ಕೋರು ಹೇಳಿದೆ.